ಆಲಿಕಲ್ಲಿಗೆ ಚಾವಣಿ ಹಾಳಾಗಿದೆ, ವಿಮೆಯವರು ಒಂದು ಡಾಲರೂ ಬರುವುದಿಲ್ಲ ಎನ್ನುತ್ತಿದ್ದಾರೆ. ಡಲ್ಲಾಸ್ ಕಡೆಯವರು ದಯವಿಟ್ಟು ಹೇಳಿ

ಫ್ರಿಸ್ಕೋ ನಿವಾಸಿ
ಎಲ್ಲರಿಗೂ ನಮಸ್ಕಾರ. ನಾವು ಡಲ್ಲಾಸಿನ ಉತ್ತರಕ್ಕೆ ಫ್ರಿಸ್ಕೋದಲ್ಲಿದ್ದೇವೆ. ಏಪ್ರಿಲ್ ಕೊನೆಯಲ್ಲಿ ಒಂದು ಸಂಜೆ ಹದಿನೈದು ನಿಮಿಷ ಆಲಿಕಲ್ಲು ಸುರಿಯಿತು. ನಿಂಬೆಹಣ್ಣಿನ ಗಾತ್ರದವು. ಹಿತ್ತಲಲ್ಲಿ ಅಮ್ಮ ಬೆಳೆಸಿದ್ದ ಮೆಂತ್ಯ, ಹರಿವೆ ಎಲ್ಲ ನೆಲಕಚ್ಚಿದವು. ಮನೆಯೊಳಗೆ ನೀರು ಸೋರಲಿಲ್ಲವಾದ್ದರಿಂದ ಚಾವಣಿಯ ಕಡೆ ಗಮನವೇ ಹೋಗಲಿಲ್ಲ. ಒಂದು ವಾರದ ನಂತರ ಗಟರ್ ಕೊಳವೆಯ ಕೆಳಗೆ ರಾಗಿ ಚೆಲ್ಲಿದ ಹಾಗೆ ಕಪ್ಪು ಹರಳು ರಾಶಿ ಬಿದ್ದಿರುವುದನ್ನು ನೋಡಿದೆ. ಅವು ಶಿಂಗಲ್, ಅಂದರೆ ಚಾವಣಿಗೆ ಹೊದಿಸುವ ಡಾಂಬರು ಹಾಳೆಗಳ ಮೇಲಿನ ಹರಳುಗಳಂತೆ.

ಕ್ಲೇಮ್ ಹಾಕಿದೆ. ಹಾನಿ ಅಳೆಯುವ ಕಂಪನಿಯ ಅಡ್ಜಸ್ಟರ್ ಬಂದು ಇಪ್ಪತ್ತು ನಿಮಿಷ ಮೇಲೆ ಓಡಾಡಿ, ಹಿಂದಿನ ಇಳಿಜಾರಿಗೆ ಮಾತ್ರ ಪೆಟ್ಟಾಗಿದೆ ಎಂದು 7,850 ಡಾಲರಿನ ಅಂದಾಜು ಬರೆದುಕೊಟ್ಟರು. ನನ್ನ ಡಿಡಕ್ಟಿಬಲ್, ಅಂದರೆ ಮೊದಲು ನಾನೇ ಹಾಕಬೇಕಾದ ಪಾಲು, 9,600 ಡಾಲರ್. ಅಂದರೆ ಅವರು ಕೊಡುವುದು ಸೊನ್ನೆ. ಇತ್ತ ರೂಫಿಂಗ್ ಗುತ್ತಿಗೆದಾರರೊಬ್ಬರು ಇಡೀ ಚಾವಣಿ ಬದಲಿಸಬೇಕು, 21,400 ಆಗುತ್ತದೆ ಎನ್ನುತ್ತಾರೆ. "ನೀವು ಸಹಿ ಮಾಡಿ ಸಾಕು, ವಿಮೆಯವರ ಜೊತೆ ನಾನೇ ಮಾತನಾಡುತ್ತೇನೆ, ಡಿಡಕ್ಟಿಬಲ್ ಕೂಡ ನೀವು ಕೊಡಬೇಕಾಗಿಲ್ಲ" ಎಂದೂ ಹೇಳಿದ್ದಾರೆ. ಚಾವಣಿಗೆ 12 ವರ್ಷ. ಏನು ಮಾಡಲಿ?

ಬಯಲುಸೀಮೆ
ಸಹಿ ಮಾಡಿ ಸರ್. ನಮ್ಮ ಬೀದಿಯಲ್ಲಿ ಐದು ಮನೆಯವರು ಹಾಗೆಯೇ ಮಾಡಿಸಿಕೊಂಡಿದ್ದಾರೆ.

ಪ್ಲೇನೋ ಹಳಬ
ದಯವಿಟ್ಟು ಸಹಿ ಮಾಡಬೇಡಿ! ಟೆಕ್ಸಸ್‌ನಲ್ಲಿ 2019ರ ಸೆಪ್ಟೆಂಬರ್ 1ರಿಂದ ಡಿಡಕ್ಟಿಬಲ್ ಬಿಟ್ಟುಕೊಡುವುದು, ತಾನೇ ತುಂಬುತ್ತೇನೆ ಎನ್ನುವುದು, ಬೇರೆ ರೂಪದಲ್ಲಿ ಹಿಂತಿರುಗಿಸುವುದು ಎಲ್ಲವೂ ಕಾನೂನುಬಾಹಿರ. ಗುತ್ತಿಗೆದಾರನಿಗೆ 2,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಅದು ಅವನ ತಲೆನೋವು ಎಂದುಕೊಳ್ಳಬೇಡಿ. ವಿಮಾ ಕಂಪನಿ ಕೊನೆಯ ಚೆಕ್ ಕೊಡುವ ಮೊದಲು "ಡಿಡಕ್ಟಿಬಲ್ ಕಟ್ಟಿದ್ದಕ್ಕೆ ಪುರಾವೆ ತೋರಿಸಿ" ಎಂದು ನಿಮ್ಮನ್ನೇ ಕೇಳಬಹುದು. ಆಗ ಬ್ಯಾಂಕಿನಲ್ಲಿ ಪಾವತಿಯಾದ ಚೆಕ್ಕಿನ ಪ್ರತಿಯನ್ನೋ ಕ್ರೆಡಿಟ್ ಕಾರ್ಡಿನ ಲೆಕ್ಕವನ್ನೋ ಎಲ್ಲಿಂದ ತರುತ್ತೀರಿ?

ಎರಡನೆಯದು, "ವಿಮೆಯವರ ಜೊತೆ ನಾನೇ ಮಾತನಾಡುತ್ತೇನೆ" ಎನ್ನುವುದು. ಚಾವಣಿ ಹಾಕುವವನೇ ನಿಮ್ಮ ಪರವಾಗಿ ಕ್ಲೇಮಿನ ಚೌಕಾಸಿ ಮಾಡುವಂತಿಲ್ಲ. ಅದಕ್ಕೆ ಪಬ್ಲಿಕ್ ಅಡ್ಜಸ್ಟರ್, ಅಂದರೆ ಮನೆಯವರ ಪರವಾಗಿ ಕ್ಲೇಮ್ ನಡೆಸುವವರ ಪರವಾನಗಿ ಬೇಕು. ಪರವಾನಗಿ ಇದ್ದವರೂ ಒಂದೇ ಮನೆಗೆ ಎರಡೂ ಕೆಲಸ ಮಾಡುವಂತಿಲ್ಲ. ಒಂದು ರೂಫಿಂಗ್ ಕಂಪನಿ ಇದನ್ನು ಪ್ರಶ್ನಿಸಿ ಟೆಕ್ಸಸ್ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು, 2024ರಲ್ಲಿ ಕೋರ್ಟು ಸರ್ಕಾರದ ಪರವಾಗಿಯೇ ತೀರ್ಪು ಕೊಟ್ಟಿತು. ಗುತ್ತಿಗೆದಾರ ಅಡ್ಜಸ್ಟರ್ ಬಂದಾಗ ಜೊತೆಯಲ್ಲಿ ಏಣಿ ಹತ್ತಬಹುದು, ಹಾನಿ ತೋರಿಸಬಹುದು, ತನ್ನ ಅಂದಾಜಿನ ಲೆಕ್ಕ ವಿವರಿಸಬಹುದು. ಪಾಲಿಸಿಯಂತೆ ಏನು ಸಿಗಬೇಕು ಎಂಬ ಮಾತುಕತೆ ಮಾತ್ರ ನಿಮ್ಮದು.

ಬಯಲುಸೀಮೆ
ಕಾನೂನು ಪುಸ್ತಕದಲ್ಲಿರುತ್ತದೆ ಸರ್. ಇಲ್ಲಿ ಎಲ್ಲರೂ ಮಾಡುತ್ತಿರುವುದೇ ಇದು. ವರ್ಷಕ್ಕೆ ನಾಲ್ಕು ಸಾವಿರ ಡಾಲರ್ ಪ್ರೀಮಿಯಂ ಕಟ್ಟಿಯೂ ಮತ್ತೆ ಒಂಬತ್ತು ಸಾವಿರ ಕೈಯಿಂದ ಹಾಕಬೇಕೆಂದರೆ ವಿಮೆ ಯಾಕೆ?

ಲೆಕ್ಕಪತ್ರ
@ಬಯಲುಸೀಮೆ, ಆ ಒಂಬತ್ತು ಸಾವಿರವನ್ನು ಗುತ್ತಿಗೆದಾರ ತನ್ನ ಮನೆಯಿಂದ ತರುವುದಿಲ್ಲ. ಕೆಳಹಾಸು ಕಾಗದ ಅಗ್ಗದ್ದು, ಪ್ರತಿ ಶಿಂಗಲ್ಲಿಗೆ ಆರು ಮೊಳೆ ಹೊಡೆಯಬೇಕಾದಲ್ಲಿ ನಾಲ್ಕು, ಹಳೆಯ ತಗಡನ್ನೇ ಬಣ್ಣ ಬಳಿದು ಬಿಡುವುದು, ಹೀಗೆ ನಿಮ್ಮ ಚಾವಣಿಯಿಂದಲೇ ತೆಗೆದುಕೊಳ್ಳುತ್ತಾನೆ. ಮೂರು ವರ್ಷದ ಹಿಂದೆ ನಮ್ಮ ಭಾವನ ಮನೆಯಲ್ಲಿ ಹಾಗೇ ಆಯಿತು. ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ಸ್ನಾನದ ಕೋಣೆಯ ಮೇಲಿನ ಕೊಳವೆಯ ಸುತ್ತ ಸೋರತೊಡಗಿತು, ಫೋನ್ ಮಾಡಿದರೆ ಆ ಸಂಖ್ಯೆಯೇ ಚಾಲ್ತಿಯಲ್ಲಿರಲಿಲ್ಲ. ನೆನಪಿಡಿ, ಟೆಕ್ಸಸ್ ರಾಜ್ಯದಲ್ಲಿ ಚಾವಣಿ ಕೆಲಸಕ್ಕೆ ರಾಜ್ಯ ಮಟ್ಟದ ಪರವಾನಗಿ ಎಂಬುದೇ ಇಲ್ಲ. ಏಣಿಯೂ ಪಿಕಪ್ ಗಾಡಿಯೂ ಇದ್ದರೆ ಯಾರು ಬೇಕಾದರೂ ರೂಫರ್.

@ಫ್ರಿಸ್ಕೋ ನಿವಾಸಿ, ಪಾಲಿಸಿಯ ಮೊದಲ ಪುಟ ತೆಗೆದು ಎರಡು ವಿಷಯ ನೋಡಿ ಹೇಳಿ. ಗಾಳಿ ಮತ್ತು ಆಲಿಕಲ್ಲಿಗೆ ಡಿಡಕ್ಟಿಬಲ್ ಶೇಕಡಾ ಎಷ್ಟು? ಚಾವಣಿಗೆ ಕೊಡುವುದು ಹೊಸದರ ಬೆಲೆಯೋ, ಹಳೆಯದಾದಷ್ಟಕ್ಕೆ ಸವಕಳಿ ಕಳೆದ ಬೆಲೆಯೋ?

ಫ್ರಿಸ್ಕೋ ನಿವಾಸಿ
ನೋಡಿದೆ ಸರ್. ಮನೆಯ ಕಟ್ಟಡಕ್ಕೆ 4,80,000 ಡಾಲರ್, ಗಾಳಿ ಆಲಿಕಲ್ಲಿಗೆ ಶೇ 2. ಹಾಗಾಗಿ 9,600. ನಾನು ಇಷ್ಟು ವರ್ಷ ಶೇ 2 ಎಂದರೆ ಹಾನಿಯ ಮೊತ್ತದ ಶೇ 2 ಎಂದುಕೊಂಡಿದ್ದೆ. ಹೊಸದರ ಬೆಲೆ ಎಂದಿದೆ, ಆದರೆ "ಸವಕಳಿ ತಡೆಹಿಡಿಯಲಾಗುತ್ತದೆ" ಎಂದೂ ಇದೆ. ಇದರ ಅರ್ಥವೇನು?

ಲೆಕ್ಕಪತ್ರ
ಹೆಚ್ಚಿನವರು ಎಡವುವುದು ಅಲ್ಲಿಯೇ. ಆ ಶೇಕಡಾ ಹಾನಿಯ ಮೇಲಲ್ಲ, ಇಡೀ ಮನೆಯ ವಿಮಾ ಮೊತ್ತದ ಮೇಲೆ. ಪ್ರತಿ ವರ್ಷ ನವೀಕರಣದಲ್ಲಿ ಮನೆಯ ಮೊತ್ತ ಏರಿದಂತೆ ಡಿಡಕ್ಟಿಬಲ್ಲೂ ಸದ್ದಿಲ್ಲದೆ ಏರುತ್ತದೆ.

ಸವಕಳಿಯ ವಿಷಯವನ್ನು ಒಂದು ಲೆಕ್ಕದಲ್ಲಿ ಹೇಳುತ್ತೇನೆ. ಹೊಸ ಚಾವಣಿಗೆ 22,000 ಎಂದು ಒಪ್ಪಿದರು ಎನ್ನಿ. ಹನ್ನೆರಡು ವರ್ಷ ಹಳೆಯದು ಎಂದು 8,000 ಸವಕಳಿ ಹಿಡಿದರು, 9,600 ಡಿಡಕ್ಟಿಬಲ್ ಕಳೆದರು. ಮೊದಲ ಚೆಕ್ 4,400 ಮಾತ್ರ. ಕೆಲಸ ಮುಗಿದು ಬಿಲ್ಲು ಕಳುಹಿಸಿದ ಮೇಲೆ ತಡೆಹಿಡಿದ 8,000 ಬರುತ್ತದೆ. ಕೊನೆಗೆ ನಿಮ್ಮ ಕೈಯಿಂದ ಹೋಗುವುದು 9,600. ಪಾಲಿಸಿ ಸವಕಳಿ ಕಳೆದ ಬೆಲೆಯದ್ದಾಗಿದ್ದರೆ ಆ 8,000 ಎಂದೆಂದಿಗೂ ಬರುವುದಿಲ್ಲ, 17,600 ನಿಮ್ಮದೇ. ಮೊದಲ ಚೆಕ್ ಚಿಕ್ಕದಾಗಿ ಬಂತೆಂದು ಬೇಸತ್ತು ಎರಡನೆಯದನ್ನು ಕೇಳದೆಯೇ ಬಿಟ್ಟವರನ್ನು ನಾನು ಬಲ್ಲೆ. ಎರಡನೆಯದಕ್ಕೆ ಗಡುವು ಇರುತ್ತದೆ, ಪಾಲಿಸಿಯಲ್ಲಿ ದಿನಾಂಕ ನೋಡಿಕೊಳ್ಳಿ.

ಮಲ್ಲಿಗೆ ಬಳ್ಳಿ
ನಮ್ಮ ಪಾಲಿಸಿಯಲ್ಲಿ ಹತ್ತು ವರ್ಷ ದಾಟಿದ ಚಾವಣಿಗೆ ಸವಕಳಿ ಕಳೆದ ಬೆಲೆ ಮಾತ್ರ ಎಂಬ ಹಾಳೆಯನ್ನು ಕಳೆದ ವರ್ಷ ನವೀಕರಣದಲ್ಲಿ ಸೇರಿಸಿದ್ದಾರೆ. ಇಮೇಲ್‌ನಲ್ಲಿ 64 ಪುಟದ ಕಡತ, ಅದರ 51ನೇ ಪುಟದಲ್ಲಿ. ಈ ಚರ್ಚೆ ಓದಿ ಈಗ ತೆಗೆದು ನೋಡಿದೆ. ಹೊಟ್ಟೆ ಉರಿಯುತ್ತಿದೆ.

ಹಿಂದೆ ಅಡ್ಜಸ್ಟರ್
ಆರು ವರ್ಷ ಈ ಕೆಲಸ ಮಾಡಿದ್ದೇನೆ, ಈಗ ಬಿಟ್ಟಿದ್ದೇನೆ. ಇನ್ನೊಂದು ಬದಿಯ ಮಾತನ್ನೂ ಕೇಳಿ.

ಆಲಿಕಲ್ಲಿನ ಪೆಟ್ಟು ಎಂದರೆ ಹರಳು ಉದುರಿ ಕಪ್ಪು ಹಾಸು ಕಾಣುವುದಷ್ಟೇ ಅಲ್ಲ. ಆ ಜಾಗವನ್ನು ಹೆಬ್ಬೆರಳಲ್ಲಿ ಒತ್ತಿದರೆ ಪೆಟ್ಟು ತಿಂದ ಸಪೋಟ ಹಣ್ಣಿನ ಹಾಗೆ ಮೆತ್ತಗಿರಬೇಕು. ಬಿಸಿಲಿಗೆ ಎದ್ದ ಗುಳ್ಳೆ ಒಡೆದರೂ ಹರಳು ಹೋಗಿರುತ್ತದೆ, ಆದರೆ ಅಂಚು ಚೂಪಾಗಿರುತ್ತದೆ, ತಳ ಗಟ್ಟಿಯಾಗಿರುತ್ತದೆ. ಅದು ಸವೆತ, ವಿಮೆಗೆ ಸೇರುವುದಿಲ್ಲ. ನಾವು ಪ್ರತಿ ಇಳಿಜಾರಿನಲ್ಲೂ ಹತ್ತಡಿಗೆ ಹತ್ತಡಿಯ ಚೌಕ ಗುರುತಿಸಿ, ಸೀಮೆಸುಣ್ಣವನ್ನು ಅಡ್ಡಲಾಗಿ ಉಜ್ಜಿ, ಗುಳಿಗಳನ್ನು ಸುತ್ತು ಹಾಕಿ ಎಣಿಸುತ್ತೇವೆ. ಎಷ್ಟು ಪೆಟ್ಟಿದ್ದರೆ ಇಡೀ ಇಳಿಜಾರು ಬದಲಿಸಬೇಕು ಎಂಬುದಕ್ಕೆ ಕಾನೂನಿನಲ್ಲಿ ಸಂಖ್ಯೆ ಇಲ್ಲ. ಹಲವು ಕಡೆ ಏಳೆಂಟು ಎನ್ನುವ ರೂಢಿ. ನಿಮ್ಮ ಅಡ್ಜಸ್ಟರ್ ಪ್ರತಿ ಇಳಿಜಾರಿನಲ್ಲಿ ಚೌಕ ಹಾಕಿದರೇ? ಫೋಟೋಗಳಲ್ಲಿ ಸೀಮೆಸುಣ್ಣದ ಗುರುತು ಕಾಣುತ್ತದೆಯೇ?

ಇನ್ನೊಂದು ಮಾತು. ಸುತ್ತಿಗೆಯ ಹಿಂಬದಿಯಿಂದಲೋ ನಾಣ್ಯದಿಂದಲೋ ಗುಳಿ ಮಾಡಿದ ಚಾವಣಿಗಳನ್ನು ನಾನೇ ಕಂಡಿದ್ದೇನೆ. ಆಲಿಕಲ್ಲು ಬಿದ್ದಲ್ಲಿ ಬೀಳುತ್ತದೆ, ಮನುಷ್ಯ ತನ್ನ ಕೈಗೆ ಎಟುಕುವಷ್ಟು ದೂರದಲ್ಲಿ ಅರ್ಧವೃತ್ತಾಕಾರದಲ್ಲಿ ಹೊಡೆಯುತ್ತಾನೆ. ಆದ್ದರಿಂದಲೇ ಅಡ್ಜಸ್ಟರ್‌ಗಳಿಗೆ ಅನುಮಾನ ಹೆಚ್ಚು.

ಬಯಲುಸೀಮೆ
ಅಂದರೆ ಕಷ್ಟದಲ್ಲಿರುವವರೆಲ್ಲ ಕಳ್ಳರೇ? ಇವರು ಗಟರ್ ಕೆಳಗೆ ಹರಳು ಬಿದ್ದಿದೆ ಎನ್ನುತ್ತಿದ್ದಾರೆ, ನೀವು ಸುತ್ತಿಗೆಯ ಕಥೆ ಹೇಳುತ್ತೀರಿ.

ಹಿಂದೆ ಅಡ್ಜಸ್ಟರ್
ಅವರನ್ನು ಹಾಗೆ ಅಂದಿಲ್ಲ. ಅಪರಿಚಿತ ರೂಫರ್ ಬಾಗಿಲು ತಟ್ಟಿ "ಮೇಲೆ ಹತ್ತಿ ನೋಡಲೇ?" ಎಂದು ಕೇಳಿದರೆ ಒಬ್ಬನನ್ನೇ ಬಿಡಬೇಡಿ, ಕೆಳಗೆ ನಿಂತು ನೋಡಿ, ಮೇಲೆ ಹತ್ತುವ ಮೊದಲಿನ ಫೋಟೋ ಇಟ್ಟುಕೊಳ್ಳಿ ಎಂಬುದಕ್ಕಾಗಿ ಹೇಳಿದೆ. ಅವನು ಮಾಡಿದ ಗುಳಿಗೆ ಉತ್ತರ ಹೇಳಬೇಕಾದವರು ಮನೆಯ ಯಜಮಾನರು.

ಕೊಡಚಾದ್ರಿ
ಶೇ 25ರ ನಿಯಮ ಇದೆಯಲ್ಲವೇ? ಕಾಲುಭಾಗಕ್ಕಿಂತ ಹೆಚ್ಚು ಹಾಳಾಗಿದ್ದರೆ ಇಡೀ ಚಾವಣಿ ಬದಲಿಸಲೇಬೇಕು ಎಂದು ನನ್ನ ಸ್ನೇಹಿತರು ಹೇಳಿದ್ದರು.

ಟ್ಯಾಂಪಾ ಕನ್ನಡಿಗ
@ಕೊಡಚಾದ್ರಿ, ಅದು ನಮ್ಮ ಫ್ಲೋರಿಡಾದ ಕಟ್ಟಡ ನಿಯಮ, ಟೆಕ್ಸಸ್‌ನದ್ದಲ್ಲ. ಇಲ್ಲಿಯೂ ಈಗ ಸಡಿಲವಾಗಿದೆ. 2007ರ ಕಟ್ಟಡ ಸಂಹಿತೆಯ ಪ್ರಕಾರ ಅಥವಾ ಅದರ ನಂತರದ ಸಂಹಿತೆಯಂತೆ ಕಟ್ಟಿದ ಚಾವಣಿಯಾದರೆ ಹಾಳಾದ ಭಾಗವನ್ನು ಮಾತ್ರ ಸರಿಪಡಿಸಿದರೂ ಸಾಕು ಎಂದು 2022ರಲ್ಲಿ ಬದಲಿಸಿದರು.

ಫ್ಲೋರಿಡಾದ ಕಥೆಯೇ ಬೇರೆ. 2024ರ ಅಕ್ಟೋಬರಿನಲ್ಲಿ ಮಿಲ್ಟನ್ ಚಂಡಮಾರುತ ಬಂದಾಗ ಪಕ್ಕದ ಸೇಂಟ್ ಪೀಟರ್ಸ್‌ಬರ್ಗ್‌ನ ಟ್ರಾಪಿಕಾನ ಕ್ರೀಡಾಂಗಣದ ಚಾವಣಿಯೇ ಚಿಂದಿಯಾಗಿ ಹಾರಿದ್ದನ್ನು ನೀವೆಲ್ಲ ನೋಡಿರುತ್ತೀರಿ. ನಮ್ಮ ಮನೆಯಲ್ಲಿ ಚಾವಣಿಯ ನೆತ್ತಿಯ ಉದ್ದಕ್ಕೂ ಶಿಂಗಲ್ ಎದ್ದುಹೋಗಿ ಮೂರು ದಿನ ನೀಲಿ ಟಾರ್ಪಾಲಿನ ಕೆಳಗೆ ಮಲಗಿದೆವು. ಚಂಡಮಾರುತಕ್ಕೆ ಬೇರೆಯೇ ಡಿಡಕ್ಟಿಬಲ್, 500 ಡಾಲರ್ ಇಲ್ಲವೇ ಶೇ 2, 5, 10. ನಾವು ಪ್ರೀಮಿಯಂ ಉಳಿಸಲು ಶೇ 5 ಆರಿಸಿದ್ದೆವು. ಹಾನಿಯಾದ ಒಂದು ವರ್ಷದೊಳಗೆ ಕ್ಲೇಮ್ ಹಾಕಬೇಕು, ಹೆಚ್ಚುವರಿ ಕ್ಲೇಮಿಗೆ ಹದಿನೆಂಟು ತಿಂಗಳು.

ಟಾರ್ಪಾಲಿನ ರಸೀದಿ ಇಟ್ಟುಕೊಂಡಿದ್ದೆ, ಅದರ ಹಣವೂ ಕ್ಲೇಮಿನ ಲೆಕ್ಕಕ್ಕೆ ಸೇರಿತು. ಹಾನಿ ಹೆಚ್ಚಾಗದಂತೆ ತಡೆಯುವುದು ನಮ್ಮ ಕರ್ತವ್ಯ ಎಂದು ಪಾಲಿಸಿಯಲ್ಲೇ ಬರೆದಿರುತ್ತದೆ.

ತುಂಗಾತೀರದವಳು
ವಿಷಯಾಂತರಕ್ಕೆ ಕ್ಷಮಿಸಿ. ತೀರ್ಥಹಳ್ಳಿ ಕಡೆ ನಮ್ಮ ಅಪ್ಪನ ಹಂಚಿನ ಮನೆ. ಮೇ ತಿಂಗಳ ಗಾಳಿಮಳೆಗೆ ಮತ್ತಿ ಮರದ ಕೊಂಬೆ ಬಿದ್ದು ನಾನ್ನೂರು ಹಂಚು ಪುಡಿ, ರೀಪು ಪಕಾಸು ಮುರಿದವು. ಅಪ್ಪ ಸ್ವಂತ ದುಡ್ಡಿನಲ್ಲಿ ಸರಿ ಮಾಡಿಸುತ್ತಿದ್ದಾರೆ. ಊರಿನ ಮನೆಗೂ ಇಂಥ ವಿಮೆ ಇದೆಯೇ? ಅಲ್ಲಿ ಯಾರೂ ಮಾಡಿಸಿದ್ದನ್ನು ನಾನು ನೋಡಿಲ್ಲ.

ಲೆಕ್ಕಪತ್ರ
ಇದೆ ಅಮ್ಮ. 2021ರ ಏಪ್ರಿಲ್ 1ರಿಂದ "ಭಾರತ್ ಗೃಹ ರಕ್ಷಾ" ಎಂಬ ಒಂದೇ ಮಾದರಿಯ ಪಾಲಿಸಿಯನ್ನು ವಿಮಾ ಪ್ರಾಧಿಕಾರ ಜಾರಿಗೆ ತಂದಿದೆ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಭೂಕುಸಿತ ಎಲ್ಲ ಸೇರುತ್ತವೆ. ಮರ ಬಿದ್ದು ಆಗುವ ಹಾನಿಯೂ ಸೇರುತ್ತದೆ. ಮನೆಯ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ, ಒಳಗಿನ ಸಾಮಾನಿಗೂ ತಾನಾಗಿಯೇ ಸಿಗುತ್ತದೆ. ಮೊತ್ತ ಕಡಿಮೆ ಬರೆಸಿದ್ದೀರಿ ಎಂದು ಪರಿಹಾರವನ್ನು ಅದೇ ಪ್ರಮಾಣದಲ್ಲಿ ಕತ್ತರಿಸುವ ಹಳೆಯ ಪದ್ಧತಿಯನ್ನೂ ಇದರಲ್ಲಿ ತೆಗೆದಿದ್ದಾರೆ. ಕಂಪನಿ ಸತಾಯಿಸಿದರೆ ಒಂದು ತಿಂಗಳು ಕಾದು ವಿಮಾ ಒಂಬುಡ್ಸ್‌ಮನ್ ಎಂಬ ದೂರು ತೀರಿಸುವ ಅಧಿಕಾರಿಗೆ ದೂರು ಕೊಡಬಹುದು, ಖರ್ಚಿಲ್ಲ, ವಕೀಲರೂ ಬೇಡ.

ತುಂಗಾತೀರದವಳು
ಇಷ್ಟು ವರ್ಷ ಇಲ್ಲಿ ಮನೆಗೆ ವಿಮೆ ಕಟ್ಟುತ್ತಲೇ ಇದ್ದೇನೆ, ಅಪ್ಪನ ಮನೆಗೆ ಕೇಳಬೇಕೆಂದು ಹೊಳೆಯಲೇ ಇಲ್ಲ. ಅಪ್ಪ ಈ ಸಲ ಏನೂ ಕೇಳಲಾಗುವುದಿಲ್ಲವೇ?

ಕೊಡಚಾದ್ರಿ
ಸರ್ಕಾರದ ಪರಿಹಾರಕ್ಕೆ ಅರ್ಜಿ ಹಾಕಿಸಿ. ಮುರಿದ ಪಕಾಸನ್ನು ಇನ್ನೂ ತೆಗೆದಿರದಿದ್ದರೆ ಹಾಗೇ ಬಿಡಲು ಹೇಳಿ, ಇಲ್ಲವೇ ಫೋಟೋ ತೆಗೆಸಿ. ಕಂದಾಯ ಇಲಾಖೆಯಿಂದ ಗ್ರಾಮ ಆಡಳಿತ ಅಧಿಕಾರಿ ಬಂದು ಮಹಜರು ಮಾಡಿದರೆ ತಹಶೀಲ್ದಾರ್ ಕಚೇರಿಗೆ ಹೋಗುತ್ತದೆ. ಭಾಗಶಃ ಹಾನಿಗೆ ಸಿಗುವ ಮೊತ್ತ ಚಿಕ್ಕದು, ಹಂಚಿನ ಖರ್ಚಿಗೂ ಸಾಲದೆ ಹೋಗಬಹುದು. ಆದರೂ ಬಿಡಬೇಡಿ. ಮತ್ತಿ ಮರದ ಉಳಿದ ಕೊಂಬೆಯನ್ನೂ ಮಳೆಗಾಲ ಜೋರಾಗುವ ಮೊದಲು ಕಡಿಸಿ ಅಕ್ಕ, ಅದು ಪರಿಹಾರಕ್ಕಿಂತ ಮುಖ್ಯ.

ಪ್ಲೇನೋ ಹಳಬ
ಮತ್ತೆ ಫ್ರಿಸ್ಕೋಗೆ ಬರೋಣ. ನನಗೆ 2016ರಲ್ಲಿ ಇದೇ ಸ್ಥಿತಿ. ಆ ಏಪ್ರಿಲ್‌ನಲ್ಲಿ ವೈಲಿ ಊರನ್ನು ಆಲಿಕಲ್ಲು ಜಜ್ಜಿಹಾಕಿತ್ತು, ನಾವು ಆಗ ಅಲ್ಲಿಯೇ ಇದ್ದೆವು. ಮೊದಲ ಅಡ್ಜಸ್ಟರ್ ಅರ್ಧ ಮಾತ್ರ ಬರೆದರು. ನಾನು ಮಾಡಿದ್ದು ಇಷ್ಟು. ಮೊದಲು ಅವರ ಪೂರ್ಣ ವರದಿಯನ್ನೂ ಎಲ್ಲ ಫೋಟೋಗಳನ್ನೂ ಲಿಖಿತವಾಗಿ ಕೇಳಿದೆ. ಮುಂಭಾಗದ ಇಳಿಜಾರಿನ ಒಂದೇ ಒಂದು ಫೋಟೋ ಇತ್ತು, ಅದೂ ನೆಲದಿಂದ ತೆಗೆದದ್ದು! ಆಮೇಲೆ ಬಾಗಿಲು ತಟ್ಟಿ ಬಂದವರನ್ನು ಬಿಟ್ಟು, ಇದೇ ಊರಲ್ಲಿ ಹದಿನೈದು ವರ್ಷದಿಂದ ಅಂಗಡಿ ಇಟ್ಟುಕೊಂಡಿದ್ದ ಇಬ್ಬರಿಂದ ಅಂದಾಜು ತರಿಸಿದೆ. ಚಾವಣಿಯ ಮೇಲಿನ ತಗಡಿನ ಗಾಳಿಕೊಳವೆ, ಗಟರ್, ಎಸಿಯ ಅಲ್ಯೂಮಿನಿಯಂ ರೆಕ್ಕೆಗಳು, ಅಂಚೆಪೆಟ್ಟಿಗೆ, ಎಲ್ಲದರ ಗುಳಿಗಳ ಫೋಟೋ ತೆಗೆದೆ. ತಗಡಿಗೆ ಗುಳಿ ಬಿದ್ದಿದ್ದರೆ ಆ ದಿಕ್ಕಿನಿಂದ ಆಲಿಕಲ್ಲು ಬಂದದ್ದಕ್ಕೆ ಅದೇ ಸಾಕ್ಷಿ. ಅಮೆರಿಕದ ಹವಾಮಾನ ಸಂಸ್ಥೆ ನೋವಾದ ತಾಣದಲ್ಲಿ ಯಾವ ದಿನ ಎಲ್ಲಿ ಎಷ್ಟು ದಪ್ಪದ ಆಲಿಕಲ್ಲು ಬಿತ್ತು ಎಂಬ ದಾಖಲೆ ಸಿಗುತ್ತದೆ, ಅದನ್ನೂ ಲಗತ್ತಿಸಿದೆ. ಬೇರೆ ಅಡ್ಜಸ್ಟರ್‌ನಿಂದ ಮರುಪರಿಶೀಲನೆ ಬೇಕೆಂದು ಪತ್ರ ಬರೆದೆ.

ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಮಾತನಾಡಿದ ಕೂಡಲೇ "ಇಂದು ನೀವು ಹೀಗೆ ಹೇಳಿದಿರಿ" ಎಂದು ಇಮೇಲ್ ಹಾಕಿ. ಕೇಳಿದ ಕಾಗದಪತ್ರಗಳೆಲ್ಲ ಕೈಸೇರಿದ ಮೇಲೆ 15 ಕೆಲಸದ ದಿನಗಳಲ್ಲಿ ಒಪ್ಪಿಗೆಯೋ ನಿರಾಕರಣೆಯೋ ಹೇಳಬೇಕು ಎಂಬುದು ಸಾಮಾನ್ಯ ನಿಯಮ. ಒಪ್ಪಿದ ಮೇಲೆ 5 ಕೆಲಸದ ದಿನಗಳಲ್ಲಿ ಹಣ. ಮೀರಿದರೆ ಟೆಕ್ಸಸ್ ವಿಮಾ ಇಲಾಖೆಗೆ ದೂರು, ಆನ್‌ಲೈನ್‌ನಲ್ಲಿ, ಉಚಿತವಾಗಿ.

ಮಲ್ಲಿಗೆ ಬಳ್ಳಿ
ಪಬ್ಲಿಕ್ ಅಡ್ಜಸ್ಟರ್ ಇಟ್ಟುಕೊಂಡರೆ?

ಹಿಂದೆ ಅಡ್ಜಸ್ಟರ್
ಟೆಕ್ಸಸ್‌ನಲ್ಲಿ ಅವರ ಶುಲ್ಕ ಪರಿಹಾರದ ಶೇ 10 ಮೀರುವಂತಿಲ್ಲ. ಇಪ್ಪತ್ತು ಸಾವಿರದ ಕ್ಲೇಮಿಗೆ ನನ್ನ ಪ್ರಕಾರ ಮರುಪರಿಶೀಲನೆಯೇ ಮೊದಲು. ಮೊತ್ತದ ಬಗ್ಗೆ ಮಾತ್ರ ತಕರಾರು ಉಳಿದರೆ ಪಾಲಿಸಿಯಲ್ಲಿ ಅಪ್ರೈಸಲ್ ಎಂಬ ಕಲಮು ಇದೆಯೇ ನೋಡಿ. ಎರಡೂ ಕಡೆಯವರು ಒಬ್ಬೊಬ್ಬ ಮೌಲ್ಯಮಾಪಕರನ್ನು ನೇಮಿಸುತ್ತಾರೆ, ಅವರಿಬ್ಬರೂ ಒಪ್ಪದಿದ್ದರೆ ಮೂರನೆಯವರ ಬಳಿ ಹೋಗುತ್ತದೆ. ಅದರ ಖರ್ಚು ನಿಮಗೂ ಬೀಳುತ್ತದೆ. ಮರುಪರಿಶೀಲನೆಗೆ ಬೆಳಿಗ್ಗೆ ಎಂಟೂವರೆ ಒಂಬತ್ತರ ಸಮಯ ಕೇಳಿ. ಓರೆಬಿಸಿಲಿನಲ್ಲಿ ಗುಳಿಯ ನೆರಳು ಎದ್ದು ಕಾಣುತ್ತದೆ, ನಡುಹಗಲಲ್ಲಿ ಎಲ್ಲವೂ ಚಪ್ಪಟೆ.

ಫ್ರಿಸ್ಕೋ ನಿವಾಸಿ
ಎಲ್ಲರಿಗೂ ಕೈಮುಗಿದೆ. ವರದಿ ತರಿಸಿದೆ. ಪಶ್ಚಿಮದ ಇಳಿಜಾರಿನಲ್ಲಿ ಚೌಕವನ್ನೇ ಹಾಕಿಲ್ಲ. ಮರುಪರಿಶೀಲನೆಗೆ ಪತ್ರ ಹಾಕಿದ್ದೇನೆ. ಆ ಗುತ್ತಿಗೆದಾರರಿಗೆ ಬೇಡ ಎಂದು ಹೇಳಿಬಿಟ್ಟೆ. ಫಲಿತಾಂಶ ಇಲ್ಲಿಯೇ ತಿಳಿಸುತ್ತೇನೆ.

ಫ್ರಿಸ್ಕೋ ನಿವಾಸಿ (ಐದು ವಾರಗಳ ನಂತರ)
ಹೊಸ ಅಡ್ಜಸ್ಟರ್ ಬೆಳಿಗ್ಗೆ ಒಂಬತ್ತಕ್ಕೆ ಬಂದರು, ಮಹಿಳೆ, ಬಹಳ ತಾಳ್ಮೆಯವರು. ನಾವು ಹೊಸದಾಗಿ ಆರಿಸಿಕೊಂಡ ಪ್ಲೇನೋದ ರೂಫರ್ ಜೊತೆಯಲ್ಲಿ ಮೇಲೆ ಹತ್ತಿದರು, ನಾನು ಏಣಿಯ ತುದಿಯಲ್ಲಿ ನಿಂತು ನೋಡಿದೆ. ಸೀಮೆಸುಣ್ಣ ಉಜ್ಜುತ್ತಿದ್ದಂತೆ ಒಂದೊಂದೇ ಗುಳಿ ಮೂಡಿಬಂತು. ಹಿಂದೆ ಹನ್ನೊಂದು, ಪಶ್ಚಿಮಕ್ಕೆ ಒಂಬತ್ತು, ಪೂರ್ವಕ್ಕೆ ಎಂಟು, ಮುಂದೆ ಮೂರು. ಒಂದು ಗುಳಿಯನ್ನು ನನ್ನ ಕೈಯಿಂದಲೇ ಒತ್ತಿಸಿದರು. ಸಪೋಟದ ಮಾತು ನಿಜ.

ಮುಂಭಾಗ ಬಿಟ್ಟು ಮೂರೂ ಇಳಿಜಾರು ಮತ್ತು ಗಟರ್ ಸೇರಿ 18,900 ಒಪ್ಪಿದ್ದಾರೆ. ಸವಕಳಿ 5,200, ಡಿಡಕ್ಟಿಬಲ್ 9,600 ಹೋಗಿ ಮೊದಲ ಚೆಕ್ 4,100 ಬಂದಿದೆ. ಮುಂಭಾಗ ಒಂದನ್ನೇ ಹಳೆಯದಾಗಿ ಬಿಡಲು ಮನಸ್ಸಿಲ್ಲದೆ ಅದನ್ನು ನಾವೇ ಹಾಕಿಸುತ್ತಿದ್ದೇವೆ. ಒಟ್ಟು 21,400ರಲ್ಲಿ ನಮ್ಮ ಪಾಲು 12,100. ಸಣ್ಣ ಮೊತ್ತವಲ್ಲ, ಅಮ್ಮನನ್ನು ಊರಿಗೆ ಕರೆದುಕೊಂಡು ಹೋಗುವುದನ್ನು ಮುಂದಿನ ವರ್ಷಕ್ಕೆ ಹಾಕಿದ್ದೇವೆ. ಆದರೂ ಸೊನ್ನೆಯಿಂದ 9,300ಕ್ಕೆ ಬಂದದ್ದು ನಿಮ್ಮೆಲ್ಲರಿಂದ.

ಒಂದು ತೊಡಕು. ಚೆಕ್ಕಿನ ಮೇಲೆ ನಮ್ಮಿಬ್ಬರ ಹೆಸರಿನ ಜೊತೆ ಗೃಹಸಾಲದ ಬ್ಯಾಂಕಿನ ಹೆಸರೂ ಇದೆ. ನಮ್ಮ ಖಾತೆಗೆ ಹಾಕಲು ಆಗುತ್ತಿಲ್ಲ.

ಲೆಕ್ಕಪತ್ರ
ಅದು ಇದ್ದೇ ಇರುತ್ತದೆ, ಹೆದರಬೇಡಿ. ಸಾಲದ ಬ್ಯಾಂಕಿನಲ್ಲಿ ವಿಮೆಯ ಪರಿಹಾರ ನೋಡಿಕೊಳ್ಳುವ ವಿಭಾಗಕ್ಕೆ ಫೋನ್ ಮಾಡಿ, ಚೆಕ್ಕಿನ ಹಿಂಭಾಗದಲ್ಲಿ ಸಹಿ ಹಾಕಿಸಿಕೊಳ್ಳುವ ಕ್ರಮ ಕೇಳಿ. ಚಿಕ್ಕ ಮೊತ್ತವಾದರೆ ಸಹಿ ಮಾಡಿ ಹಿಂದಿರುಗಿಸುವ ಬ್ಯಾಂಕುಗಳಿವೆ. ದೊಡ್ಡದಾದರೆ ತಾವೇ ಇಟ್ಟುಕೊಂಡು ಕೆಲಸ ಸಾಗಿದಂತೆ ಕಂತಿನಲ್ಲಿ ಕೊಡುತ್ತಾರೆ. ರೂಫರ್‌ಗೆ ಈಗಲೇ ತಿಳಿಸಿಬಿಡಿ, ಹಣ ತಡವಾದರೆ ಮನಸ್ತಾಪ ಬೇಡ.

ಪ್ಲೇನೋ ಹಳಬ
ಶಿಂಗಲ್ ಯಾವುದು ಹಾಕಿಸುತ್ತಿದ್ದೀರಿ? ನಾಲ್ಕನೇ ದರ್ಜೆಯ, ಅಂದರೆ ಪೆಟ್ಟು ತಾಳುವ ಶಿಂಗಲ್ ಹಾಕಿಸಿದರೆ ಹಲವು ಕಂಪನಿಗಳು ಪ್ರೀಮಿಯಂ ಇಳಿಸುತ್ತವೆ. ಹಾಕಿದವರಿಂದ ಪ್ರಮಾಣಪತ್ರ ಬರೆಸಿಕೊಳ್ಳಿ. ರಿಯಾಯಿತಿಯ ಜೊತೆ "ಅಂದ ಮಾತ್ರ ಕೆಟ್ಟರೆ ಪರಿಹಾರವಿಲ್ಲ" ಎಂಬ ಹಾಳೆಗೂ ಸಹಿ ಕೇಳುತ್ತಾರೆಯೇ ನೋಡಿ.

ಬಯಲುಸೀಮೆ
ನಾನು ಮೊದಲು ಹೇಳಿದ ಐದು ಮನೆಗಳಲ್ಲಿ ಒಂದಕ್ಕೆ ವಿಮಾ ಕಂಪನಿಯಿಂದ ಡಿಡಕ್ಟಿಬಲ್ ಕಟ್ಟಿದ ರಸೀದಿ ಕೇಳಿ ಪತ್ರ ಬಂದಿದೆ. ಅವರು ನನ್ನನ್ನು ಕೇಳುತ್ತಿದ್ದಾರೆ. @ಪ್ಲೇನೋ ಹಳಬ, ನಿಮಗೆ ಖಾಸಗಿಯಾಗಿ ಬರೆಯಬಹುದೇ?

ಪ್ಲೇನೋ ಹಳಬ
ಖಂಡಿತ ಬರೆಯಿರಿ. ಇವತ್ತೇ ಬರೆಯಿರಿ, ಅವರು ಆ ಪತ್ರಕ್ಕೆ ಏನನ್ನೂ ಉತ್ತರಿಸುವ ಮೊದಲು.